ಆರ್ಗೋ ಸಾಗರ ಜಾಲ: ದತ್ತಾಂಶವು ಬಳಕೆದಾರರನ್ನು ತಲುಪುವ ಬಗೆ

ಸಾಗರದ ಒಳಗನ್ನು ಅಳೆಯುವ ಅಂತರರಾಷ್ಟ್ರೀಯ ವ್ಯವಸ್ಥೆಯಾದ ಆರ್ಗೋ ಜಾಲವನ್ನು ಉಪಕರಣದಿಂದಲ್ಲ, ಬಳಕೆದಾರರಿಂದ ಹಿಂದಕ್ಕೆ ಓದುತ್ತ ಬಂದರೆ ಅದರ ಯೋಜನೆ ಬೇಗ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ.

ಅಳತೆಯ ಕ್ರಮ ಸರಳವಾದುದು. ಜಗತ್ತಿನ ಸಾಗರಗಳಲ್ಲಿರುವ ಸುಮಾರು 4,000 ಫ್ಲೋಟ್‌ಗಳು, ಅಂದರೆ ತಾವಾಗಿಯೇ ಮುಳುಗಿ ಏಳುವ ಅಳತೆಯ ಉಪಕರಣಗಳು, 1,000 ಮೀಟರ್ ಆಳದಲ್ಲಿ ಪ್ರವಾಹದೊಡನೆ ಸಾಗುತ್ತವೆ; ಸಾಮಾನ್ಯವಾಗಿ ಹತ್ತು ದಿನಗಳಿಗೊಮ್ಮೆ 2,000 ಮೀಟರಿಗೆ ಇಳಿದು, ಮೇಲೇರುವಾಗ ಒತ್ತಡ, ಉಷ್ಣಾಂಶ ಮತ್ತು ಲವಣಾಂಶವನ್ನು ಅಳೆದು ಉಪಗ್ರಹಕ್ಕೆ ಕಳುಹಿಸುತ್ತವೆ.

ಈ ಅಳತೆಗಾಗಿ ಕಾಯುವವರ ಅಗತ್ಯಗಳು ಮಾತ್ರ ಒಂದೇ ಬಗೆಯವಲ್ಲ. ಹವಾಮಾನ ಮುನ್ಸೂಚನೆ ನೀಡುವವರಿಗೆ ದತ್ತಾಂಶ ಇಂದೇ ಬೇಕು, ವಾರ ಕಳೆದರೆ ಅದರ ಬೆಲೆ ಬಹುಪಾಲು ಇಳಿದುಹೋಗುತ್ತದೆ. ದಶಕಗಳ ಬದಲಾವಣೆಯನ್ನು ಹುಡುಕುವ ಸಂಶೋಧಕರು ವರ್ಷವಾದರೂ ಕಾಯಬಲ್ಲರು, ಆದರೆ ಲವಣಾಂಶದಲ್ಲಿ ಸಣ್ಣ ದೋಷವಿದ್ದರೂ ಅವರ ತೀರ್ಮಾನವೇ ತಪ್ಪುತ್ತದೆ. ಆದ್ದರಿಂದ ಒಂದೇ ಅಳತೆಗೆ ಎರಡು ದಾರಿಗಳನ್ನು ಯೋಜಿಸಲಾಗಿದೆ. ಮೊದಲ ದಾರಿಯಲ್ಲಿ, ಫ್ಲೋಟ್ ಇರುವ ಸ್ಥಳ ನೆಲದ ಮೇಲೆ ಬೀಳುತ್ತಿದೆಯೇ, ಎರಡು ಸ್ಥಾನಗಳ ನಡುವಿನ ವೇಗ ಸಾಧ್ಯವಾದದ್ದೇ, ಅಂಕಿಯೊಂದು ಅಕ್ಕಪಕ್ಕದವುಗಳಿಂದ ಏಕಾಏಕಿ ಜಿಗಿದಿದೆಯೇ ಎಂಬಂಥ ಸ್ವಯಂಚಾಲಿತ ಪರೀಕ್ಷೆಗಳನ್ನು ಮುಗಿಸಿ 24 ಗಂಟೆಗಳೊಳಗೆ ದತ್ತಾಂಶವನ್ನು ಬಿಡುಗಡೆ ಮಾಡುವುದು ಗುರಿ. ಎರಡನೆಯದು ನಿಧಾನದ ದಾರಿ. ವರ್ಷಗಟ್ಟಲೆ ನೀರಿನಲ್ಲಿರುವ ಸಂವೇದಕ ಕ್ರಮೇಣ ತಪ್ಪು ಅಂಕಿ ಕೊಡತೊಡಗಬಹುದು. ಹೆಚ್ಚಿನ ಫ್ಲೋಟ್‌ಗಳನ್ನು ಮರಳಿ ತಂದು ಪರೀಕ್ಷಿಸುವುದಿಲ್ಲವಾದ್ದರಿಂದ, ಹಡಗುಗಳ ಅಳತೆ ಮತ್ತು ನೆರೆಯ ಫ್ಲೋಟ್‌ಗಳ ಅಳತೆಯೊಡನೆ ಹೋಲಿಸಿ ತಜ್ಞರು ಅದರ ಅಂಕಿಗಳನ್ನು ತಿದ್ದುತ್ತಾರೆ.

ನನಗೆ ಬಹಳ ಮೆಚ್ಚುಗೆಯಾದದ್ದು ಕಡತದೊಳಗಿನ ಪ್ರಾಮಾಣಿಕತೆ. ತಿದ್ದಿದ ಅಂಕಿಯ ಪಕ್ಕದಲ್ಲೇ ಮೂಲ ಅಂಕಿಯೂ ಉಳಿದಿರುತ್ತದೆ, ಜೊತೆಗೆ ದೋಷದ ಅಂದಾಜು ಇರುತ್ತದೆ. ಪ್ರತಿ ಬಿಂದುವಿಗೂ ಗುಣಮಟ್ಟದ ಗುರುತುಂಟು: 1 ಎಂದರೆ ಒಳ್ಳೆಯದು, 4 ಎಂದರೆ ಕೆಟ್ಟದ್ದು. ಕಡತದ ಹೆಸರಿನ ಮೊದಲಲ್ಲಿ ‘ಆರ್’ ಇದ್ದರೆ ತಜ್ಞರ ಪರಿಶೀಲನೆ ಇನ್ನೂ ಆಗಿಲ್ಲ, ‘ಡಿ’ ಇದ್ದರೆ ಆಗಿದೆ. ಈ ಗುರುತುಗಳನ್ನು ನೋಡದೆ ಎಳೆದ ನನ್ನ ಮೊದಲ ನಕ್ಷೆಯಲ್ಲಿ ಕೆಟ್ಟ ಬಿಂದುವೊಂದು ಉಪ್ಪುನೀರಿನ ಹೊಸ ಪದರದಂತೆ ಕಂಡಿತ್ತು.

ಭಾರತದ ಫ್ಲೋಟ್‌ಗಳ ದತ್ತಾಂಶವನ್ನು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇಂಕಾಯ್ಸ್ ಸಂಸ್ಕರಿಸುತ್ತದೆ. ಎಲ್ಲ ದೇಶಗಳ ಕಡತಗಳೂ ಒಂದೇ ನಮೂನೆಯಲ್ಲಿ ಫ್ರಾನ್ಸಿನ ಬ್ರೆಸ್ಟ್ ಮತ್ತು ಅಮೆರಿಕದ ಮಾಂಟೆರೆಯಲ್ಲಿರುವ ಜಾಗತಿಕ ಕೇಂದ್ರಗಳನ್ನು ಸೇರುತ್ತವೆ. ಎರಡೂ ಪರಸ್ಪರ ಹೊಂದಿಸಿಕೊಳ್ಳುವುದರಿಂದ ಒಂದು ನಿಂತರೂ ಇನ್ನೊಂದು ಸಿಗುತ್ತದೆ, ಮತ್ತು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು.

ಆದರೆ ಮಲ್ಪೆಯ ಮೀನುಗಾರರಿಗೆ ಇಂಥ ಕಡತದಿಂದ ನೇರ ಉಪಯೋಗವಿಲ್ಲ. ಅವರಿಗಾಗಿ ಇಂಕಾಯ್ಸ್ ನೀಡುವ ಮೀನುಗಾರಿಕಾ ವಲಯದ ಸಲಹೆ, ಆರ್ಗೋದಿಂದಲ್ಲ, ಉಪಗ್ರಹಗಳು ನೋಡುವ ಮೇಲ್ಮೈ ಉಷ್ಣಾಂಶ ಮತ್ತು ಹರಿತ್ತಿನಿಂದ (ನೀರಿನ ಸೂಕ್ಷ್ಮ ಸಸ್ಯಗಳ ಹಸಿರು ವರ್ಣದ್ರವ್ಯ) ಸಿದ್ಧವಾಗುತ್ತದೆ. ಅದು ತೀರದ ಗೊತ್ತಾದ ಜಾಗದಿಂದ ಯಾವ ದಿಕ್ಕಿಗೆ, ಎಷ್ಟು ಕಿಲೋಮೀಟರ್ ದೂರ, ಎಷ್ಟು ಆಳ ಎಂಬುದನ್ನು ಕನ್ನಡದಲ್ಲೇ ತಿಳಿಸುತ್ತದೆ.