ಯೂನಿಯನ್ ಕಟ್ಟಿದ್ದಕ್ಕೆ ಕೆಲಸ ಹೋದವರಿಗೆ ಬೆಂಬಲ: ಬಾಯ್ಕಾಟ್ ಮಾಡಿದರೆ ಸಾಕಾ?

ಪ್ರಶ್ನೆ: ಸ್ವತಂತ್ರ ಯೂನಿಯನ್ ಕಟ್ಟಲು ಹೋದ ಗಾರ್ಮೆಂಟ್ ಕಾರ್ಮಿಕರನ್ನು ಕೆಲಸದಿಂದ ತೆಗೆದಿದ್ದಾರೆ ಅಂತ ಓದಿದೆ. ಅಲ್ಲಿ ಬಟ್ಟೆ ಹೊಲಿಸುವ ಬ್ರ್ಯಾಂಡನ್ನು ಇನ್ನು ಕೊಳ್ಳಬಾರದು ಅಂತ ತೀರ್ಮಾನ ಮಾಡಿದ್ದೇನೆ. ಅಷ್ಟು ಮಾಡಿದರೆ ಸಾಕಲ್ವಾ?

ಉತ್ತರ: ಸಾಲದು. ಎಷ್ಟೋ ಸಲ ಅದರಿಂದ ಕೆಟ್ಟದ್ದೇ ಆಗುತ್ತದೆ.

ಈ ಪ್ರಶ್ನೆ ಬರುತ್ತಲೇ ಇರುತ್ತದೆ, ನಾನೂ ಇದೇ ಉತ್ತರ ಕೊಡುತ್ತಲೇ ಇದ್ದೇನೆ. ಆದರೂ ‘ಕೊಳ್ಳುವುದು ನಿಲ್ಲಿಸಿದರೆ ಕಂಪನಿ ದಾರಿಗೆ ಬರುತ್ತೆ’ ಅನ್ನೋ ನಂಬಿಕೆ ಅಲುಗಾಡುವುದಿಲ್ಲ. ಕೇಳುವವರ ಮನಸ್ಸು ಒಳ್ಳೆಯದು. ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

ಮೊದಲು, ಒಂದು ಬ್ರ್ಯಾಂಡ್ ಒಂದೇ ಫ್ಯಾಕ್ಟರಿಯಲ್ಲಿ ಹೊಲಿಸುವುದಿಲ್ಲ. ಹತ್ತಾರು, ನೂರಾರು ಕಡೆ ಆರ್ಡರ್ ಹಂಚಿರುತ್ತದೆ. ನೀವು ಬಿಟ್ಟ ಅಂಗಿ ಯಾವ ಫ್ಯಾಕ್ಟರಿಯದ್ದು ಅಂತ ನಿಮಗೂ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿಲ್ಲ. ಮಾರಾಟ ಸ್ವಲ್ಪ ಇಳಿದರೆ ಯಾಕೆ ಇಳಿಯಿತು ಅಂತ ಬ್ರ್ಯಾಂಡಿಗೂ ತಿಳಿಯುವುದಿಲ್ಲ. ನೀವು ಯಾಕೆ ಕೊಳ್ಳಲಿಲ್ಲ ಅನ್ನುವುದನ್ನು ಯಾರಿಗೂ ಹೇಳಿಲ್ಲವಲ್ಲ.

ಎರಡನೆಯದು ಇನ್ನೂ ಮುಖ್ಯ. ಬಾಯ್ಕಾಟ್‌ಗೆ ಜೋರು ಬಂತು ಅಂತಲೇ ಇಟ್ಟುಕೊಳ್ಳಿ. ಬ್ರ್ಯಾಂಡಿಗೆ ಅತಿ ಸುಲಭದ ದಾರಿ ಯಾವುದು? ‘ಗಲಾಟೆ ಇರುವ ಫ್ಯಾಕ್ಟರಿ ನಮಗೆ ಬೇಡ’ ಅಂತ ಅಲ್ಲಿಂದ ಆರ್ಡರ್ ತೆಗೆದು ಬೇರೆ ಕಡೆ ಕೊಡುವುದು. ಆಗ ಫ್ಯಾಕ್ಟರಿಯ ಹೊಲಿಗೆ ಲೈನ್‌ಗಳು ಖಾಲಿ ಬೀಳುತ್ತವೆ. ಮ್ಯಾನೇಜ್‌ಮೆಂಟ್ ಒಳಗಿದ್ದವರನ್ನು ಕರೆದು ‘ನೋಡಿ, ಯೂನಿಯನ್ ಬಂತು, ಆರ್ಡರ್ ಹೋಯಿತು’ ಅನ್ನುತ್ತದೆ. ಮುಂದಾಳುಗಳನ್ನು ತೆಗೆಯುವುದೇ ಒಳಗೆ ಉಳಿದವರನ್ನು ಹೆದರಿಸುವುದಕ್ಕೆ. ಆ ಕೆಲಸವನ್ನು ನಮ್ಮ ಬಾಯ್ಕಾಟ್ ಪೂರ್ತಿ ಮಾಡಿಕೊಟ್ಟ ಹಾಗಾಗುತ್ತದೆ. ಫ್ಯಾಕ್ಟರಿಯೇ ಮುಚ್ಚಿದರೆ ವಜಾ ಆದವರು ವಾಪಸ್ ಹೋಗುವುದಾದರೂ ಎಲ್ಲಿಗೆ?

ಮೆಕ್ಸಿಕೋದ ಕುಕ್‌ಡಾಂಗ್ ಫ್ಯಾಕ್ಟರಿಯ ಕಥೆ ನೋಡಿ. ಪ್ವೆಬ್ಲಾ ರಾಜ್ಯದ ಅಟ್ಲಿಸ್ಕೋದಲ್ಲಿತ್ತು. ಅಮೆರಿಕದ ವಿಶ್ವವಿದ್ಯಾಲಯಗಳ ಹೆಸರಿರುವ ಸ್ವೆಟ್‌ಶರ್ಟ್‌ಗಳನ್ನು ನೈಕಿ, ರೀಬಾಕ್‌ಗಾಗಿ ಅಲ್ಲಿ ಹೊಲಿಯುತ್ತಿದ್ದರು. ಜಗಳ ಶುರುವಾಗಿದ್ದು ಕ್ಯಾಂಟೀನ್‌ನಿಂದ. ಕೆಟ್ಟ ಊಟ ಹಾಕುತ್ತಾರೆ ಅಂತ ಕಾರ್ಮಿಕರು ತಿರುಗಿಬಿದ್ದರು. ಅಲ್ಲಿ ಯೂನಿಯನ್ ಇತ್ತು, ಆದರೆ ಅದು ಮ್ಯಾನೇಜ್‌ಮೆಂಟ್ ಜೊತೆ ಸಹಿ ಹಾಕಿಕೊಂಡು ಬಂದದ್ದು, ಕಾರ್ಮಿಕರು ಆರಿಸಿದ್ದಲ್ಲ. ಮುಂದೆ ನಿಂತವರನ್ನು ಕೆಲಸದಿಂದ ತೆಗೆದರು. 2001ರ ಜನವರಿಯಲ್ಲಿ ನೂರಾರು ಮಂದಿ ಕೆಲಸ ನಿಲ್ಲಿಸಿ ಫ್ಯಾಕ್ಟರಿಯಲ್ಲೇ ಕೂತರು. ಪೊಲೀಸರು ಬಂದು ಹೊಡೆದು ಚದುರಿಸಿದರು.

ದೂರದಲ್ಲಿದ್ದ ಅಮೆರಿಕದ ವಿದ್ಯಾರ್ಥಿಗಳು ಆಗ ಬ್ರ್ಯಾಂಡ್‌ಗಳ ಮುಂದೆ ಇಟ್ಟ ಬೇಡಿಕೆ ಏನು ಗೊತ್ತಾ? ತೆಗೆದವರನ್ನು ವಾಪಸ್ ಸೇರಿಸಿಕೊಳ್ಳುವಂತೆ ಮಾಡಿ, ಯಾವ ಯೂನಿಯನ್ ಬೇಕು ಅಂತ ಅವರೇ ಆರಿಸಲಿ. ಫ್ಯಾಕ್ಟರಿಗಳಲ್ಲಿ ಕಾರ್ಮಿಕರ ಹಕ್ಕುಗಳ ಮೇಲೆ ಕಣ್ಣಿಡುವ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಅನ್ನೋ ಸಂಸ್ಥೆಯವರು ಹೋಗಿ ತನಿಖೆ ಮಾಡಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಾರ್ಮಿಕರದ್ದೇ ಹೊಸ ಯೂನಿಯನ್ ಕಂಪನಿ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು.

‘ಹಾಗಾದ್ರೆ ಬಾಯ್ಕಾಟ್ ಯಾವತ್ತೂ ತಪ್ಪಾ?’ ಅಲ್ಲ. ಹೊಂಡುರಾಸ್‌ನಲ್ಲಿ ಯೂನಿಯನ್ ಬಂದ ಮೇಲೆ ರಸೆಲ್ ಅನ್ನೋ ಬಟ್ಟೆ ಕಂಪನಿ 2009ರಲ್ಲಿ ತನ್ನ ಫ್ಯಾಕ್ಟರಿಯನ್ನೇ ಮುಚ್ಚಿತು. ಸುಮಾರು 1,200 ಜನರ ಕೆಲಸ ಹೋಯಿತು. ವಿದ್ಯಾರ್ಥಿಗಳ ಒತ್ತಾಯಕ್ಕೆ ಅಮೆರಿಕದ ಹತ್ತಾರು ವಿಶ್ವವಿದ್ಯಾಲಯಗಳು ತಮ್ಮ ಹೆಸರಿನ ಬಟ್ಟೆ ಮಾಡಲು ರಸೆಲ್ ಜೊತೆ ಮಾಡಿಕೊಂಡಿದ್ದ ಒಪ್ಪಂದ ಕಡಿದುಕೊಂಡವು. ಅದೇ ವರ್ಷ ನವೆಂಬರ್‌ನಲ್ಲಿ ಕಂಪನಿ ಬಗ್ಗಿತು. ಹೊಸ ಫ್ಯಾಕ್ಟರಿ ತೆರೆದು ಅವರನ್ನು ಮತ್ತೆ ತೆಗೆದುಕೊಳ್ಳಲು ಒಪ್ಪಿತು. ಇಲ್ಲಿನ ವ್ಯತ್ಯಾಸ ಗಮನಿಸಿ. ಫ್ಯಾಕ್ಟರಿ ಬ್ರ್ಯಾಂಡಿನದ್ದೇ, ಅದಾಗಲೇ ಮುಚ್ಚಿತ್ತು, ಇನ್ನು ಕಳೆದುಕೊಳ್ಳಲು ಆರ್ಡರ್ ಇರಲಿಲ್ಲ. ಕಾರ್ಮಿಕರ ಮುಂದಾಳುಗಳೇ ಹೋಗಿ ವಿಶ್ವವಿದ್ಯಾಲಯಗಳಲ್ಲಿ ಮಾತಾಡಿದ್ದರು. ಕಡಿದದ್ದು ದೊಡ್ಡ ಒಪ್ಪಂದಗಳನ್ನು, ಯಾಕೆ ಅಂತ ಬಾಯಿಬಿಟ್ಟು ಹೇಳಿ. ಒಬ್ಬರು ಸುಮ್ನೆ ಅಂಗಿ ಕೊಳ್ಳದೆ ಬಂದದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಎಲ್ಲಾ ಫ್ಯಾಕ್ಟರಿಗಳೂ ನಾವು ಕೊಳ್ಳುವ ವಸ್ತು ಮಾಡುವುದಿಲ್ಲ ಅನ್ನೋದೂ ನೆನಪಿರಲಿ. 2018ರಲ್ಲಿ ಚೀನಾದ ಷೆನ್‌ಝೆನ್‌ನಲ್ಲಿ ಜಾಸಿಕ್ ಕಂಪನಿಯ ಕಾರ್ಮಿಕರು ಯೂನಿಯನ್ ಕಟ್ಟಲು ಹೋಗಿ ಕೆಲಸ ಕಳೆದುಕೊಂಡರು. ಅದು ಮಾಡುವುದು ವೆಲ್ಡಿಂಗ್ ಯಂತ್ರ. ಬಾಯ್ಕಾಟ್ ಮಾಡುವವರು ಯಾರು? ಬೆಂಬಲಕ್ಕೆ ಹೋದ ವಿದ್ಯಾರ್ಥಿಗಳನ್ನೂ ಪೊಲೀಸರು ಹಿಡಿದುಕೊಂಡು ಹೋದರು.

ಹಾಗಾದರೆ ಏನು ಮಾಡಬೇಕು? ಮೊದಲು ಕೆಲಸ ಹೋದವರ ಯೂನಿಯನ್ನನ್ನೇ ಕೇಳಿ. ಅವರು ಬಾಯ್ಕಾಟ್ ಅಂದರೆ ಬಾಯ್ಕಾಟ್, ಬೇಡ ಅಂದರೆ ಬೇಡ. ಬ್ರ್ಯಾಂಡಿಗೆ ಪತ್ರ ಬರೆಯುವುದಾದರೆ ಫ್ಯಾಕ್ಟರಿಯ ಹೆಸರು ಹಾಕಿ. ಬಾಕಿ ಸಂಬಳದ ಸಮೇತ ವಾಪಸ್ ಸೇರಿಸಿಕೊಳ್ಳಲಿ, ಆರ್ಡರ್ ಅಲ್ಲೇ ಇರಲಿ ಅಂತ ಎರಡನ್ನೂ ಒಟ್ಟಿಗೆ ಕೇಳಿ. ಎರಡನೆಯದನ್ನು ಬಿಟ್ಟರೆ ಪತ್ರ ತಿರುಗುಬಾಣವಾಗಬಹುದು. ಅವರನ್ನು ಕೇಳದೆ ಹೆಸರು, ಫೋಟೋ ಹಂಚಬೇಡಿ. ಇವರಿಗೆ ಕೆಲಸ ಕೊಡಬೇಡಿ ಅನ್ನೋ ಬ್ಲ್ಯಾಕ್‌ಲಿಸ್ಟ್‌ನಲ್ಲಿ ಹೆಸರು ಸೇರಿದರೆ ಪಕ್ಕದ ಫ್ಯಾಕ್ಟರಿಯ ಗೇಟಿನಲ್ಲೂ ‘ಕೆಲಸ ಇಲ್ಲ’ ಅನ್ನುತ್ತಾರೆ.

ಕಾನೂನಿನ ಬಗ್ಗೆಯೂ ಒಂದು ಮಾತು. ಯೂನಿಯನ್ ಸೇರಿದ ಕಾರಣಕ್ಕೆ ಕೆಲಸದಿಂದ ತೆಗೆಯುವುದು ತಪ್ಪು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1949ರ 98ನೇ ಒಪ್ಪಂದ ನೇರವಾಗಿ ಹೇಳುತ್ತದೆ. ತಮ್ಮ ದೇಶ ಅದಕ್ಕೆ ಸಹಿ ಹಾಕದಿದ್ದರೂ ಸಂಘಟನೆಗಳು ಆ ಸಂಸ್ಥೆಯ ಸಮಿತಿಗೆ ದೂರು ಕೊಡಬಹುದು. ಆದರೆ ಅದು ನಿಧಾನದ ದಾರಿ, ಬಾಡಿಗೆ ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು.

ಇಲ್ಲೇ ಇನ್ನೊಂದು ವಿಷಯ ಹೇಳಬೇಕು, ಅದನ್ನು ನೀವು ಕೇಳಿಲ್ಲ. ಕೆಲವು ತಿಂಗಳಾದ ಮೇಲೆ ‘ಇಷ್ಟು ದುಡ್ಡು ತಗೊಳ್ಳಿ, ರಾಜೀನಾಮೆಗೆ ಸಹಿ ಹಾಕಿ’ ಅಂತ ಕಂಪನಿ ಒಬ್ಬೊಬ್ಬರನ್ನೇ ಕರೆಯುತ್ತದೆ. ಕೆಲವರು ಸಹಿ ಹಾಕುತ್ತಾರೆ. ಆಗ ದೂರದ ಬೆಂಬಲಿಗರು ‘ಮಾರಿಕೊಂಡರು’ ಅಂದುಬಿಡುತ್ತಾರೆ. ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಂಬಳ ನಿಂತು ಆರು ತಿಂಗಳಾಗಿದೆ, ಅಂಗಡಿಯಲ್ಲಿ ಸಾಲ ಏರಿದೆ, ಮಗುವಿನ ಫೀಸು ಬಾಕಿ ಇದೆ. ಸಹಿ ಹಾಕಿದರೆ ವಾಪಸ್ ಸೇರಿಸಿಕೊಳ್ಳಿ ಅಂತ ಕೇಳುವ ಹಕ್ಕು ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತದೆ ಅಂತ ಅವರಿಗೂ ಗೊತ್ತು. ಕಾಯುವ ಶಕ್ತಿ ಕಂಪನಿಗೆ ಜಾಸ್ತಿ ಇದೆ, ಅದನ್ನೇ ನಂಬಿಕೊಂಡು ಅದು ಕೂತಿರುತ್ತದೆ. ಸುದ್ದಿ ಬಂದ ವಾರ ಬೆಂಬಲ ನಿಧಿಗೆ ದುಡ್ಡು ಸುರಿಯುತ್ತದೆ, ನಾಲ್ಕನೇ ತಿಂಗಳಿಗೆ ನಿಂತುಹೋಗುತ್ತದೆ. ಆ ರಾಜೀನಾಮೆ ಪತ್ರ ಬರುವುದೂ ಹೆಚ್ಚುಕಡಿಮೆ ಆಗಲೇ. ಅದಕ್ಕೇ ಒಂದೇ ಸಲ ದೊಡ್ಡ ಮೊತ್ತ ಕಳಿಸುವ ಬದಲು ಚಿಕ್ಕದನ್ನೇ ಪ್ರತಿ ತಿಂಗಳು, ಕೇಸು ಮುಗಿಯುವ ತನಕ, ಯೂನಿಯನ್ನಿನ ಖಾತೆಗೆ ಕಳಿಸಿ.