ಕುತ್ತಿಗೆಯ ಬಾವು ಹಣ್ಣಾಗಲಿ ಅಂತ ಕಾಯಬೇಡಿ

“ಇನ್ನೂ ಹಣ್ಣಾಗಿಲ್ಲ ಡಾಕ್ಟ್ರೇ. ಹಣ್ಣಾದ ಮೇಲೆ ಕೊಯ್ಸೋಣ ಅಂತಿದ್ದೆ.”

ಬೆಂಗಳೂರಿನಲ್ಲಿ ಕಿವಿ, ಮೂಗು, ಗಂಟಲಿನ ಸರ್ಜನ್ ಆಗಿ 22 ವರ್ಷವಾಯಿತು. ಈ ಮಾತು ಕೇಳದ ತಿಂಗಳಿಲ್ಲ. ಕಾಲಿನ ಮೇಲೆ ಕುರು ಎದ್ದರೆ ಈ ಮಾತಿಗೆ ಅರ್ಥವಿದೆ. ಅದು ಕೆಂಪಾಗಿ, ಮೆತ್ತಗಾಗಿ, ತಾನೇ ಬಾಯಿ ಬಿಡುತ್ತದೆ. ಆದರೆ ಹುಳುಕು ಹಲ್ಲಿನಿಂದ ಶುರುವಾಗಿ ದವಡೆಯ ಕೆಳಗೆ ಇಳಿದ ಬಾವು ಎಷ್ಟೋ ಸಲ ಹೊರಗೆ ಹಣ್ಣಾಗುವುದೇ ಇಲ್ಲ.

ಬಾಳೆದಿಂಡು ಬಿಡಿಸಿದವರಿಗೆ ಕಾರಣ ಬೇಗ ತಿಳಿಯುತ್ತದೆ. ಪಟ್ಟೆಯ ಒಳಗೆ ಪಟ್ಟೆ. ಕುತ್ತಿಗೆಯೂ ಹಾಗೆಯೇ. ಚರ್ಮ ಮತ್ತು ತೆಳು ಸ್ನಾಯು ದಾಟಿದರೆ ಗಟ್ಟಿ ಪೊರೆಗಳು ಸಿಗುತ್ತವೆ. ಅವುಗಳನ್ನು ಫ್ಯಾಸಿಯಾ ಅನ್ನುತ್ತೇವೆ. ಹೊರಗಿನ ಪೊರೆ ಇಡೀ ಕುತ್ತಿಗೆಯನ್ನು ಸುತ್ತುತ್ತದೆ. ನಡುವಿನದು ಥೈರಾಯ್ಡ್, ಶ್ವಾಸನಾಳ, ಅನ್ನನಾಳಗಳನ್ನು ಹಿಡಿದಿರುತ್ತದೆ. ಒಳಗಿನದು ಬೆನ್ನುಮೂಳೆಗೆ ಅಂಟಿಕೊಂಡಿದೆ. ಪೊರೆಗಳು ಗಟ್ಟಿ, ಅವುಗಳ ನಡುವಿನ ಜಾಗ ಮಾತ್ರ ಸಡಿಲ. ನುಂಗುವಾಗ, ಕತ್ತು ತಿರುಗಿಸುವಾಗ ಒಂದರ ಮೇಲೊಂದು ಜಾರಬೇಕಲ್ವಾ, ಅದಕ್ಕೆ.

ಈಗ ಕೀವಿನ ಕಡೆಯಿಂದ ನೋಡಿ. ಗಟ್ಟಿ ಪೊರೆ ಹರಿದು ಚರ್ಮಕ್ಕೆ ಬರುವುದು ಅದಕ್ಕೆ ಕಷ್ಟ. ಸಡಿಲ ಜಾಗದಲ್ಲಿ ಪಕ್ಕಕ್ಕೆ, ಕೆಳಕ್ಕೆ ಹರಿಯುವುದು ಸುಲಭ. ಅದಕ್ಕೇ ಹೊರಗಿನಿಂದ ಮುಟ್ಟಿದರೆ ಬಾವು ಮರದ ಹಾಗೆ ಗಟ್ಟಿ ಇರುತ್ತದೆ. ಗಟ್ಟಿ ಇದೆ, ಹಾಗಾಗಿ ಕೀವಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ತಪ್ಪು. ಗಟ್ಟಿ ಇದ್ದರೂ ಒಳಗೆ ಕೀವಿರಬಹುದು. ಕೀವು ಇನ್ನೂ ಕೂಡದಿದ್ದರೂ ಸೋಂಕು ಹರಡುತ್ತಿರಬಹುದು. ಬೆರಳಿಟ್ಟು ಹೇಳುವುದು ನನಗೂ ಕಷ್ಟ, ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ.

ಕೆಳದವಡೆಯ ಕೊನೆಯ ಹಲ್ಲುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಾಲಿಗೆಯ ಅಡಿಯಲ್ಲಿ ಬಾಯಿಗೆ ನೆಲದಂತೆ ಹಾಸಿದ ಒಂದು ಸ್ನಾಯುವಿದೆ. ಈ ಹಲ್ಲುಗಳ ಬೇರು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತದೆ. ಅಲ್ಲಿನ ಕೀವು ಬಾಯೊಳಗೆ ಬಾರದೆ ನೇರವಾಗಿ ಕುತ್ತಿಗೆಗೆ ಇಳಿಯುತ್ತದೆ. ಅಲ್ಲಿಂದ ಗಂಟಲಿನ ಪಕ್ಕಕ್ಕೆ, ಆಮೇಲೆ ಹಿಂದಕ್ಕೆ. ಗಂಟಲಿನ ಹಿಂದೆ, ಬೆನ್ನುಮೂಳೆಯ ಮುಂದೆ, ತಲೆಬುರುಡೆಯ ಬುಡದಿಂದ ಎದೆಯೊಳಗೆ ವಪೆಯವರೆಗೂ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯವರೆಗೂ, ಇಳಿಯುವ ಒಂದು ಜಾಗವಿದೆ. ಪಠ್ಯಪುಸ್ತಕದಲ್ಲೇ ಅದರ ಹೆಸರು ಡೇಂಜರ್ ಸ್ಪೇಸ್. ಹಲ್ಲುನೋವು ಎದೆಗೆ ಇಳಿಯುವ ದಾರಿ ಅದು.

ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಒಬ್ಬ ಅಕ್ಕ ನೆನಪಾಗುತ್ತಾರೆ. ಹಲ್ಲುನೋವಿಗೆ ಎಂಟು ದಿನ ಮೆಡಿಕಲ್ ಶಾಪಿನ ಮಾತ್ರೆ, ಮೇಲೆ ಅರಿಶಿನ-ಸುಣ್ಣದ ಪಟ್ಟು. ಅವರು ಕೂರುವ ಜಾಗದಿಂದ ವಿಕ್ಟೋರಿಯಾ ಆಸ್ಪತ್ರೆ, ಸರ್ಕಾರಿ ದಂತ ಕಾಲೇಜು ನಡೆದು ಹೋಗುವಷ್ಟು ಹತ್ತಿರ. “ವ್ಯಾಪಾರ ಬಿಟ್ಟು ಹೆಂಗೆ ಹೋಗ್ಲಿ” ಅಂದರು. ಅದೂ ನಿಜವೇ, ಹಬ್ಬದ ವಾರ. ನನ್ನ ಹತ್ತಿರ ಬಂದಾಗ ಬಾಯಿಗೆ ಒಂದು ಬೆರಳೂ ಹೋಗುತ್ತಿರಲಿಲ್ಲ. ನಾಲಿಗೆ ಮೇಲೆದ್ದಿತ್ತು. ಜೊಲ್ಲು ನುಂಗಲಾಗದೆ ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಶುಗರ್ ಇದೆ ಅನ್ನೋದು ಅವತ್ತೇ ಗೊತ್ತಾಗಿದ್ದು. ಎಚ್ಚರವಿದ್ದಾಗಲೇ ಮೂಗಿನಿಂದ ಕ್ಯಾಮೆರಾ ಸಹಾಯದಲ್ಲಿ ಉಸಿರಿನ ಕೊಳವೆ ಹಾಕಿ, ಆಮೇಲೆ ಕುತ್ತಿಗೆ ಕೊಯ್ದು ಕೀವು ತೆಗೆದೆವು. ಐದು ದಿನ ಐಸಿಯು. ಪುಣ್ಯಕ್ಕೆ ಉಳಿದರು. 1836ರಲ್ಲಿ ಜರ್ಮನ್ ವೈದ್ಯ ಲುಡ್‌ವಿಗ್ ವಿವರಿಸಿದ ಕಾಯಿಲೆ ಇದೇ. ಆಗ ಆ್ಯಂಟಿಬಯೋಟಿಕ್ ಇರಲಿಲ್ಲ. ಈಗ ಇದೆ, ಆದರೂ ಜನ ಇಷ್ಟು ತಡವಾಗಿ ಬಂದರೆ ನನಗೆ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ.

ಹಾಗಂತ ಕುತ್ತಿಗೆಯಲ್ಲಿ ಗಂಟು ಕಂಡ ತಕ್ಷಣ ಹೆದರಬೇಡಿ. ನೆಗಡಿ, ಗಂಟಲುನೋವಿನ ಜೊತೆ ಬರುವ ಸಣ್ಣ ಗಂಟುಗಳು ಹೆಚ್ಚಾಗಿ ಇಳಿದುಹೋಗುತ್ತವೆ. ನೋಡದೆ ಯಾವುದನ್ನೂ ಖಚಿತವಾಗಿ ಹೇಳಲಾರೆ. ಆದರೆ ಬಾವಿನ ಜೊತೆ ಜ್ವರವಿದ್ದರೆ, ಬಾಯಿ ತೆರೆಯಲು ಆಗದಿದ್ದರೆ, ಎಂಜಲು ನುಂಗಲು ಕಷ್ಟವಾದರೆ, ಮಾತು ಬಾಯಲ್ಲಿ ಬಿಸಿ ಬೋಂಡಾ ಇಟ್ಟುಕೊಂಡ ಹಾಗೆ ಕೇಳಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಶುಗರ್ ಇರುವವರು ಇಷ್ಟೆಲ್ಲ ಆಗುವವರೆಗೂ ಕಾಯಬಾರದು. ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಉಸಿರು ಕಷ್ಟವಾದರೆ 108ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಮಲಗಿಸಬೇಡಿ, ಕೂತೇ ಬರಲಿ. ಮಲಗಿದರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚಬಹುದು.