ಮದ್ದು ಜಾಸ್ತಿ ಹಾಕಿದರೆ ಗುರಿ ನೇರವಾಗುತ್ತದಾ?

ಪ್ರಶ್ನೆ: ಸರ್, ಮಗಳು ಬಾಲೇವಾಡಿಯಲ್ಲಿ ಏರ್ ರೈಫಲ್ ಜೊತೆಗೆ ಈಗ 50 ಮೀಟರ್ ರೈಫಲ್ ಕೂಡ ಶುರು ಮಾಡಿದ್ದಾಳೆ. ಅಮೆರಿಕದವರು ಮನೆಯಲ್ಲೇ ತೋಟಾ ತುಂಬಿಕೊಳ್ಳುವ ವಿಡಿಯೋ ನೋಡಿದೆ. ಹಾಗೆ ತುಂಬಿದ ತೋಟಾ ತುಂಬಾ ನಿಖರವಂತೆ. ನಾವೂ ಮಾಡಬಹುದಾ? ಮದ್ದು ಸ್ವಲ್ಪ ಜಾಸ್ತಿ ಹಾಕಿದರೆ ಗುಂಡು ಇನ್ನೂ ನೇರ ಹೋಗುತ್ತದೆ ಅಲ್ವಾ? (ಕೋಥ್ರೂಡ್, ಪುಣೆ)

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಪನ್ವೇಲ್‌ನಿಂದ ಬರುತ್ತದೆ, ಡೊಂಬಿವಲಿಯಿಂದ ಬರುತ್ತದೆ, ಮಡಗಾಂವ್‌ನಲ್ಲಿ ನೆಲೆಸಿದ ಶಿರಸಿ ಕಡೆಯವರಿಂದಲೂ ಬರುತ್ತದೆ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಊಟಕ್ಕೆ ಕೂತಾಗಲೂ ಪಕ್ಕದವರು ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಕೊನೆಯ ಆ ಮಾತು ಮಾತ್ರ ಯಾರ ತಲೆಯಿಂದಲೂ ಇಳಿಯುವುದಿಲ್ಲ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮನೆಯಲ್ಲಿ ತುಂಬಬಹುದಾ ಎನ್ನುವುದನ್ನು ಮೊದಲು ಮುಗಿಸೋಣ. ಆಗದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ತೋಟಾ ತಯಾರಿಸಲು ಅದಕ್ಕೇ ಅಂತ ಲೈಸೆನ್ಸ್ ಬೇಕು. ರೈಫಲ್ ಇಟ್ಟುಕೊಳ್ಳುವ ಲೈಸೆನ್ಸ್‌ನಲ್ಲಿ ಅದು ಬರುವುದಿಲ್ಲ. ಕೊಡಗಿನವರು ತಕ್ಷಣ ಕೇಳುತ್ತಾರೆ, ನಮಗೆ ವಿನಾಯಿತಿ ಇದೆಯಲ್ಲ ಅಂತ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ಕಾರ್ಖಾನೆ ನಡೆಸುವುದಕ್ಕಲ್ಲ. ಬೇಟೆಗೆ ಅಂತ ಕೇಳುವವರಿಗೂ ಒಂದೇ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿದೆ. ಊರಲ್ಲಿ ಹಂದಿ ಗದ್ದೆ ಹಾಳು ಮಾಡುತ್ತದೆ ಎನ್ನುವ ಕಷ್ಟ ನಿಜ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಕೇಳಬೇಕೇ ಹೊರತು ಸ್ವಂತ ತೀರ್ಮಾನ ಮಾಡುವ ಹಾಗಿಲ್ಲ.

ಇನ್ನು ನಿಮ್ಮ ಮಗಳ ವಿಷಯ. ಅವಳು ಹೊಡೆಯುವುದು .22 ಲಾಂಗ್ ರೈಫಲ್ ತೋಟಾ. ಇದು ರಿಮ್‌ಫೈರ್. ಇದರ ಬುಡದಲ್ಲಿ ಬೇರೆ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಹಚ್ಚುವ ಬಿಡಿ ಭಾಗ, ಇರುವುದಿಲ್ಲ. ಬುಡದ ಸುತ್ತ ಇರುವ ಟೊಳ್ಳು ಅಂಚಿನೊಳಗೇ ಕಿಡಿ ಕೊಡುವ ರಾಸಾಯನಿಕ ಹರಡಿರುತ್ತದೆ. ಪಿನ್ ಆ ಅಂಚನ್ನು ಜಜ್ಜಿದಾಗ ಅದು ಹೊತ್ತಿಕೊಳ್ಳುತ್ತದೆ. ಒಮ್ಮೆ ಜಜ್ಜಿದ ಅಂಚು ಮತ್ತೆ ಕೆಲಸಕ್ಕೆ ಬಾರದು. ಹಾಗಾಗಿ ಅಮೆರಿಕದಲ್ಲಿ ಇದ್ದಿದ್ದರೂ ನೀವು ಈ ತೋಟಾ ತುಂಬುತ್ತಿರಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದರಲ್ಲ, ಆ ಸ್ಪರ್ಧೆಯಲ್ಲಿ ಎಲ್ಲರೂ ಹೊಡೆಯುವುದು ಕಾರ್ಖಾನೆಯ ತೋಟಾವನ್ನೇ.

ನೀವು ವಿಡಿಯೋದಲ್ಲಿ ನೋಡಿದ್ದು .308 ಥರದ ದೊಡ್ಡ ತೋಟಾ ಇರಬೇಕು. ಅದರ ಪ್ರೈಮರ್ ಬುಡದ ನಡುವೆ ಪುಟ್ಟ ಬಟ್ಟಲಿನ ರೂಪದಲ್ಲಿ ಇರುತ್ತದೆ. ಹೊಡೆದ ಮೇಲೆ ಅದನ್ನು ತೆಗೆದು ಹೊಸದು ಕೂರಿಸಬಹುದು. ಒತ್ತಡಕ್ಕೆ ಹಿಗ್ಗಿದ ಹಿತ್ತಾಳೆ ಕೇಸನ್ನು ಮತ್ತೆ ಅಳತೆಗೆ ತಂದು, ಮದ್ದು ತೂಗಿ ಹಾಕಿ, ಗುಂಡನ್ನು ಒತ್ತಿ ಕೂರಿಸುತ್ತಾರೆ. ಅಲ್ಲಿನ ಬೇಟೆಗಾರರು ತಮಗೆ ಬೇಕಾದ ಗುಂಡು ಸಿಗಲಿ, ಖರ್ಚು ಕಡಿಮೆಯಾಗಲಿ ಅಂತ ಮಾಡುತ್ತಾರೆ. ಗುರಿಕಾರರು ಮಾಡುವ ಕಾರಣವೇ ಬೇರೆ. ಅವರಿಗೆ ಬೇಕಾದದ್ದು ಎಲ್ಲ ತೋಟಾಗಳೂ ಒಂದೇ ಥರ ಇರಬೇಕು ಅನ್ನುವುದು. ಮದ್ದನ್ನು ಗ್ರೇನ್‌ನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ತೂಗುತ್ತಾರೆ. 1 ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಅದರ ಹತ್ತನೇ ಭಾಗ ಎಷ್ಟಾಯಿತು ನೋಡಿ. ಆ ತಕ್ಕಡಿಯ ಮುಂದೆ ಕೂತವರು ಮದ್ದು ಹೆಚ್ಚಿಸುತ್ತಿಲ್ಲ. ಪ್ರತಿ ಸಲವೂ ಅಷ್ಟೇ ಬಿತ್ತಾ ಅಂತ ನೋಡುತ್ತಿದ್ದಾರೆ. ವಿಡಿಯೋ ನೋಡುವವರಿಗೆ ಕಾಣದೇ ಹೋಗುವುದು ಇದೇ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ.

ಇದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೇಪಿನ ಕೋವಿ ನೋಡಿ ಬೆಳೆದವರು ನಾವು. ಅಜ್ಜ ನಳಿಗೆಗೆ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕುತ್ತಿದ್ದರು. ಮದ್ದು ಜಾಸ್ತಿಯಾದರೆ ಈಡು ಜೋರು, ಸದ್ದು ಜೋರು, ಹೊಗೆ ಜೋರು. ಜೋರಾದದ್ದು ಸರಿಯಾಗಿಯೂ ಬೀಳುತ್ತದೆ ಅಂತ ಮನಸ್ಸು ಸೇರಿಸಿಕೊಂಡಿತು. ಆದರೆ ಆ ಕೋವಿಯಲ್ಲೂ ಅದು ಸುಳ್ಳೇ. ಚರೆಯ ತೂಕಕ್ಕೆ ಮೀರಿ ಮದ್ದು ಹಾಕಿದರೆ ಚರೆ ಅಗಲಕ್ಕೆ ಚೆದುರುತ್ತದೆ. ಅತಿಯಾದರೆ ನಳಿಗೆಯೇ ಸೀಳುತ್ತದೆ.

ನಿಖರತೆ ಅಂದರೆ ಏನು? ಹತ್ತು ಗುಂಡು ಹೊಡೆದರೆ ಹತ್ತೂ ಒಂದೇ ಕಡೆ ಬೀಳಬೇಕು. ಅದನ್ನೇ ನಾವು ಗ್ರೂಪ್ ಅನ್ನುತ್ತೇವೆ. ಆ ಜಾಗ ಮೇಲಿದೆಯಾ ಕೆಳಗಿದೆಯಾ ಅನ್ನುವುದು ದೊಡ್ಡ ಮಾತಲ್ಲ, ಸೈಟ್ ತಿರುಗಿಸಿದರೆ ಮುಗಿಯಿತು. ಜೋರಾದ ಗುಂಡು ಕಡಿಮೆ ಇಳಿಯುತ್ತದೆ, ನಿಜ. ದೂರ ಎಷ್ಟು ಅಂತ ಗೊತ್ತಿಲ್ಲದ ಬಯಲಿನಲ್ಲಿ ಪ್ರಾಣಿಗೆ ಹೊಡೆಯುವವರಿಗೆ ಅದರಿಂದ ಅನುಕೂಲ ಇದೆ. ನಿಮ್ಮ ಮಗಳಿಗೆ ದೂರ ಗೊತ್ತು. 50 ಮೀಟರ್. ಇವತ್ತೂ ಅಷ್ಟೇ, ನಾಳೆಯೂ ಅಷ್ಟೇ.

ಒಂದು ಲೆಕ್ಕ ಕೊಡುತ್ತೇನೆ, ಮಗಳ ಹತ್ತಿರವೇ ಮಾಡಿಸಿ, ಫಿಸಿಕ್ಸ್ ಪಾಠವೂ ಆಗುತ್ತದೆ. ಮ್ಯಾಚ್ ದರ್ಜೆಯ, ಅಂದರೆ ಸ್ಪರ್ಧೆಗೆಂದೇ ಮಾಡಿದ .22 ಗುಂಡು ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. 50 ಮೀಟರ್ ಮುಟ್ಟಲು ಸುಮಾರು 0.16 ಸೆಕೆಂಡ್. ಅಷ್ಟರಲ್ಲಿ ಭೂಮಿ ಅದನ್ನು ಸುಮಾರು 12 ಸೆಂ.ಮೀ. ಕೆಳಗೆ ಎಳೆದಿರುತ್ತದೆ. ಈಗ ಒಂದು ತೋಟಾ 325, ಇನ್ನೊಂದು 335 ವೇಗದಲ್ಲಿ ಹೊರಟಿತು ಅಂದುಕೊಳ್ಳಿ. ಎರಡರ ನಡುವೆ ಮೇಲೆ ಕೆಳಗೆ ಸುಮಾರು 7 ಮಿ.ಮೀ. ವ್ಯತ್ಯಾಸ ಬೀಳುತ್ತದೆ. 50 ಮೀಟರ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಗಲವೇ 10.4 ಮಿ.ಮೀ. ಕೈ ಅಲುಗದೆ, ಉಸಿರು ತಪ್ಪದೆ ಹೊಡೆದರೂ, ನಡುವಿನಿಂದ ಸ್ವಲ್ಪ ಸರಿದ ಹತ್ತು ಹೋಗಿ ಒಂಬತ್ತಾಗಲು ಇಷ್ಟು ಸಾಕು. ಇಲ್ಲಿ ತಪ್ಪು ಮಾಡಿದ್ದು 325 ಅಲ್ಲ, 335 ಕೂಡ ಅಲ್ಲ. ಎರಡೂ ಬೇರೆ ಬೇರೆ ಆದದ್ದೇ ತಪ್ಪು. ಎಲ್ಲವೂ 325 ಇದ್ದಿದ್ದರೆ ಎಲ್ಲವೂ ಒಂದೇ ಕಡೆ ಬೀಳುತ್ತಿದ್ದವು.

ಇನ್ನೂ ನಂಬಿಕೆ ಇಲ್ಲವಾ? ಅಂಗಡಿಯಲ್ಲಿ ಹೈ ವೆಲಾಸಿಟಿ ಅಂತ ಬರೆದ .22 ತೋಟಾ ಸಿಗುತ್ತದೆ. ಅದು ಸೆಕೆಂಡಿಗೆ 370 ಮೀಟರ್ ಆಸುಪಾಸಿನಲ್ಲಿ ಹೊರಡುತ್ತದೆ. 20 ಡಿಗ್ರಿ ಬಿಸಿಯಲ್ಲಿ ಶಬ್ದದ ವೇಗ ಸುಮಾರು 343. ಅಂದರೆ ಈ ಗುಂಡು ಶಬ್ದಕ್ಕಿಂತ ಬೇಗ ಹೊರಟು, 50 ಮೀಟರ್ ಮುಟ್ಟುವ ಹೊತ್ತಿಗೆ ಶಬ್ದದ ವೇಗದ ಹತ್ತಿರಕ್ಕೆ ಇಳಿದಿರುತ್ತದೆ. ಆ ಗಡಿ ದಾಟುವಾಗ ಗಾಳಿ ಗುಂಡನ್ನು ಅಲ್ಲಾಡಿಸುತ್ತದೆ. ನಿಧಾನ ಆಗುತ್ತಿರುವ ಬುಗುರಿ ತಲೆ ಆಡಿಸುವ ಹಾಗೆ ಗುಂಡಿನ ಮೂತಿ ಆಡುತ್ತದೆ. ಮ್ಯಾಚ್ ತೋಟಾ ಮಾಡುವವರು ಬೇಕೆಂದೇ ವೇಗವನ್ನು ಶಬ್ದಕ್ಕಿಂತ ಕೆಳಗೆ ಇಡುತ್ತಾರೆ. ಜೋರಾಗಿ ಮಾಡಲು ಅವರಿಗೆ ಬಾರದು ಅಂತಲ್ಲ.

ಗಾಳಿಯ ಮಾತು ಕೇಳಿದರೆ ಇನ್ನೂ ಆಶ್ಚರ್ಯ ಆಗುತ್ತದೆ. ವರ್ಳಿಯ ರೇಂಜ್‌ನಲ್ಲಿ ಸಮುದ್ರದ ಗಾಳಿ ಅಡ್ಡ ಬೀಸುವಾಗ, ಜೋರಾದ ಗುಂಡು ಬೇಗ ಮುಟ್ಟುತ್ತದೆ, ಹಾಗಾಗಿ ಕಡಿಮೆ ಸರಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. .22ರಲ್ಲಿ ಆಗುವುದು ಉಲ್ಟಾ. ಗುಂಡು ಎಷ್ಟು ಹೊತ್ತು ಹಾರಿತು ಅನ್ನುವುದರಿಂದ ಗಾಳಿಯ ಸರಿತ ತೀರ್ಮಾನ ಆಗುವುದಿಲ್ಲ. ಗಾಳಿಯ ತಡೆಯಿಂದ ಎಷ್ಟು ಹೊತ್ತು ಕಳೆದುಕೊಂಡಿತು ಅನ್ನುವುದರಿಂದ ಆಗುತ್ತದೆ. ಶಬ್ದದ ವೇಗದ ಮೇಲೆ ಹೋದರೆ ತಡೆ ದಿಢೀರನೆ ಏರುತ್ತದೆ, ಕಳೆದುಕೊಳ್ಳುವ ಹೊತ್ತು ಜಾಸ್ತಿ, ಸರಿಯುವುದೂ ಜಾಸ್ತಿ. ಇದನ್ನು ಮೊದಲ ಸಲ ಹೇಳಿದಾಗ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಕಲಿಸುವವನಿಗೆ ಅದಕ್ಕಿಂತ ಖುಷಿ ಇನ್ನೇನಿದೆ.

ತೋಟಾ ತುಂಬುವವರ ಲೋಕದಲ್ಲೇ ಸಾಕ್ಷಿ ಬೇಕು ಅಂದರೆ ಬೆಂಚ್‌ರೆಸ್ಟ್ ನೋಡಿ. ರೈಫಲ್ಲನ್ನು ಮೇಜಿನ ಮೇಲಿಟ್ಟು, ಗುಂಡಿನ ತೂತುಗಳು ಎಷ್ಟು ಹತ್ತಿರ ಬೀಳುತ್ತವೆ ಅಂತ ಅಳೆಯುವ ಸ್ಪರ್ಧೆ ಅದು. ಹತ್ತಿರದ ದೂರದಲ್ಲಿ ಅಲ್ಲಿ ಬಹುಕಾಲದಿಂದ ಮೆರೆಯುತ್ತಿರುವುದು 6 ಪಿಪಿಸಿ ಎನ್ನುವ ಗಿಡ್ಡ ತೋಟಾ. 1970ರ ದಶಕದಲ್ಲಿ ಬಂದದ್ದು. .308ಕ್ಕಿಂತ ಕಡಿಮೆ ಮದ್ದು ಹಿಡಿಯುತ್ತದೆ. ಜೋರೇ ನಿಖರತೆ ಆಗಿದ್ದರೆ ಅಲ್ಲಿ ಜಾಸ್ತಿ ಮದ್ದು ಹಿಡಿಯುವ ದೊಡ್ಡ ದೊಡ್ಡ ಮ್ಯಾಗ್ನಮ್ ತೋಟಾಗಳು ಗೆಲ್ಲಬೇಕಿತ್ತು.

ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮವರದ್ದೇ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ, ಈಗ ಪನ್ವೇಲ್ ಕಡೆ ಮಕ್ಕಳಿಗೆ ಶೂಟಿಂಗ್ ಕಲಿಸುವ ಸುಮಾ ಶಿರೂರ್ 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 10 ಮೀಟರ್ ಏರ್ ರೈಫಲ್‌ನಲ್ಲಿ 400ಕ್ಕೆ 400 ಹೊಡೆದರು. ಆ ಟಾರ್ಗೆಟ್‌ನಲ್ಲಿ ಹತ್ತು ಅಂದರೆ ಅರ್ಧ ಮಿಲಿಮೀಟರ್ ಚುಕ್ಕೆ. ಅದಕ್ಕೆ ಹೊಡೆಯುವ ಪೆಲೆಟ್‌ನ ವೇಗ ಸೆಕೆಂಡಿಗೆ 175 ಮೀಟರ್ ಆಸುಪಾಸು. .22ರ ವೇಗದ ಅರ್ಧ. ಮದ್ದು ಒಂದು ಚಿಟಿಕೆಯೂ ಇಲ್ಲ, ಬರೀ ಒತ್ತಿದ ಗಾಳಿ.

ಅಪಾಯದ ಮಾತು ಹೇಳದೆ ಮುಂದೆ ಹೋಗುವುದಿಲ್ಲ. .308 ತೋಟಾದೊಳಗಿನ ಒತ್ತಡದ ಮಿತಿ ಚದರ ಇಂಚಿಗೆ 62,000 ಪೌಂಡ್. ಮದ್ದು ಶೇ. 5ರಷ್ಟು ಏರಿಸಿದರೆ ಒತ್ತಡ ಶೇ. 5ಕ್ಕೆ ನಿಲ್ಲುವುದಿಲ್ಲ, ಅದನ್ನು ಮೀರಿ ಏರುತ್ತದೆ. ಕೇಸಿನ ಬುಡ ಒಡೆದರೆ ಬಿಸಿ ಗ್ಯಾಸ್ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಹೊಡೆಯುವವರ ಕಣ್ಣು. ತಿಳಿದ ಹ್ಯಾಂಡ್‌ಲೋಡರ್‌ಗಳು, ಅಂದರೆ ಸ್ವತಃ ತೋಟಾ ತುಂಬುವವರು, ಕಡಿಮೆಯಿಂದ ಶುರು ಮಾಡಿ, ಗ್ರೂಪ್ ಬಿಗಿಯಾದ ಕಡೆ ನಿಲ್ಲಿಸುತ್ತಾರೆ. ಬಹಳ ಸಲ ಅದು ಮಿತಿಗಿಂತ ಸಾಕಷ್ಟು ಕೆಳಗೇ ಸಿಗುತ್ತದೆ.

ಹಾಗಾದರೆ ನಮ್ಮ ಕೈಯಲ್ಲಿ ಏನೂ ಇಲ್ಲವಾ? ಇದೆ, ಅದರ ಹೆಸರು ಲಾಟ್, ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ತೋಟಾಗಳ ಕಂತು. ಒಂದೇ ಕಂಪನಿ, ಒಂದೇ ಹೆಸರಿನ ಡಬ್ಬಿ ಆದರೂ ಲಾಟ್ ನಂಬರ್ ಬದಲಾದರೆ ನಿಮ್ಮ ನಳಿಗೆಯಲ್ಲಿ ಅದು ಬೇರೆ ಥರ ಹೊಡೆಯಬಹುದು. ಪಕ್ಕದ ಲೇನಿನ ಹುಡುಗನಿಗೆ ಚೆನ್ನಾಗಿ ಬಂದ ಲಾಟ್ ಮಗಳಿಗೆ ಬರದೇ ಹೋಗಬಹುದು. ದೊಡ್ಡ ಶೂಟರ್‌ಗಳು ತಮ್ಮ ರೈಫಲ್ ಹೊತ್ತು ತೋಟಾ ಕಂಪನಿಗಳಾದ ಲಾಪುವಾದ ಜರ್ಮನಿಯ ಶೋನೆಬೆಕ್ ಕೇಂದ್ರಕ್ಕೋ ಬರ್ಮಿಂಗ್‌ಹ್ಯಾಮ್‌ನ ಈಲಿಗೋ ಹೋಗುವುದು ಇದಕ್ಕೇ. ಅಲ್ಲಿ ನಳಿಗೆಯನ್ನು ಹಿಡಿಕೆಯಲ್ಲಿ ಬಿಗಿದು, ಲಾಟ್ ಮೇಲೆ ಲಾಟ್ ಹೊಡೆದು, ಬಿಗಿ ಗ್ರೂಪ್ ಕೊಟ್ಟದ್ದನ್ನು ಒಟ್ಟಿಗೆ ಕೊಳ್ಳುತ್ತಾರೆ. ನೀವು ಕ್ಲಬ್‌ನಲ್ಲಿ ಸಿಗುವ ಎರಡು ಮೂರು ಲಾಟ್‌ಗಳನ್ನು ಕೋಚ್ ಎದುರು ರೆಸ್ಟ್ ಮೇಲಿಟ್ಟು ಹೊಡೆಸಿ. ಹತ್ತು ಹತ್ತು ಗುಂಡಿನ ಗ್ರೂಪ್, ಒಂದೆರಡಲ್ಲ, ಕೆಲವು. ಮೂರೇ ಗುಂಡು ಹೊಡೆದು ತೀರ್ಮಾನಿಸಬೇಡಿ. ನೋಟ್‌ಬುಕ್‌ನಲ್ಲಿ ಲಾಟ್ ನಂಬರ್, ಗ್ರೂಪ್ ಅಳತೆ, ಗಾಳಿ, ಬಿಸಿಲು ಬರೆದಿಡಿ. ಒಳ್ಳೆಯದನ್ನು ಮ್ಯಾಚ್‌ಗೆ ಎತ್ತಿಡಿ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನೊಳಗೆ ತೋಟಾ ಡಬ್ಬಿ ಬಿಡಬೇಡಿ. ಮದ್ದು ಬಿಸಿಯಾದರೆ ವೇಗ ಬದಲಾಗುತ್ತದೆ, ಗುಂಡಿಗೆ ಸವರಿದ ಮೇಣವೂ ಮೆತ್ತಗಾಗುತ್ತದೆ.

ನೀವು ಕೇಳಿಲ್ಲ, ಆದರೂ ಏರ್ ರೈಫಲ್ ಮಾತು ಎತ್ತಿದ ಮೇಲೆ ಇದನ್ನೂ ಹೇಳಬೇಕು. ಎಷ್ಟೋ ಅಪ್ಪ ಅಮ್ಮಂದಿರು ಬಂಗಾರ ತೂಗುವ ಪುಟ್ಟ ತಕ್ಕಡಿ ತಂದು ಊಟದ ಮೇಜಿನ ಮೇಲೆ ಪೆಲೆಟ್ ತೂಗಿ ಆರಿಸುತ್ತಾರೆ. ಮ್ಯಾಚ್ ಪೆಲೆಟ್ ಸುಮಾರು 0.53 ಗ್ರಾಂ ಇರುತ್ತದೆ. ಒಳ್ಳೆಯ ಡಬ್ಬಿಯಲ್ಲಿ ವ್ಯತ್ಯಾಸ ತೀರಾ ಕಡಿಮೆ, ಕಲಿಯುವ ಹಂತದ ಮಗುವಿನ ಸ್ಕೋರ್‌ನಲ್ಲಿ ಅದು ಕಾಣುವುದೇ ಇಲ್ಲ. ಪೆಲೆಟ್ ತಲೆಯ ಅಳತೆ 4.49 ಮಿ.ಮೀ. ಬೇಕಾ 4.50 ಬೇಕಾ ಅಂತ ಹೊಡೆದು ನೋಡುವುದು ಅದಕ್ಕಿಂತ ಉಪಯೋಗ. ಲಂಗ (ಹಿಂಭಾಗದ ತೆಳು ಅಂಚು) ಮಡಿಚಿದ, ತಲೆ ಜಜ್ಜಿದ ಪೆಲೆಟ್‌ಗಳನ್ನು ಕಣ್ಣಲ್ಲೇ ನೋಡಿ ಪಕ್ಕಕ್ಕೆ ಹಾಕಿದರೆ ಸಾಕು.

ಆ ಊಟದ ಮೇಜಿನ ಮಾತು ನನಗೆ ತೂಕಕ್ಕಿಂತ ಜಾಸ್ತಿ ಚಿಂತೆ ಕೊಡುತ್ತದೆ. ಪೆಲೆಟ್ ಅಂದರೆ ಸೀಸ. .22 ಗುಂಡೂ ಸೀಸವೇ. ಮಕ್ಕಳ ಮಿದುಳಿಗೆ ಇದು ಕೆಡುಕು, ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಭ್ಯಾಸ ಮುಗಿಸಿ ಅದೇ ಕೈಯಲ್ಲಿ ವಡಾಪಾವ್ ತಿನ್ನುವ ಮಕ್ಕಳನ್ನು ವಾರವಾರವೂ ತಡೆಯುತ್ತೇನೆ. ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ. ಸೋಪು ಹಚ್ಚಿ ನೀರಲ್ಲೇ ಕೈ ತೊಳೆಯಬೇಕು, ಮುಖ ಕೂಡ. ಪೆಲೆಟ್ ಡಬ್ಬಿ ಟಿಫಿನ್ ಇರುವ ಚೀಲದಲ್ಲಿ ಬೇಡ. ಶೂಟಿಂಗ್ ಜಾಕೆಟ್ಟನ್ನು ಹಾಸಿಗೆ ಮೇಲೆ ಎಸೆಯುವುದೂ ಬೇಡ. ಮನೆಯಲ್ಲಿ ತೆವಳುವ ಕೂಸು ಇದ್ದರೆ ರೇಂಜ್‌ಗೆ ಹಾಕಿದ ಶೂಗಳನ್ನು ಬಾಗಿಲ ಹೊರಗೇ ಬಿಡಿಸಿ.